ದೆಹಲಿ ಮಸುಕಾದ ಮಳೆಗಾಲ

ಜೂನ್ 5, 2000. ಸೋಮವಾರ

ಇಂದಿನಿಂದ ಸೂಜಿ ಶುರು. ಭಾನುವಾರ ಬಿಟ್ಟು ದಿನಕ್ಕೊಂದರಂತೆ ಮೂರು ತಿಂಗಳು. ಜೊತೆಗೆ ಗುಳಿಗೆಗಳು. ಕಫದ ಪರೀಕ್ಷೆಯಲ್ಲಿ ಕ್ಷಯ ಮರಳಿದೆ ಎಂದು ಬಂದ ಮೇಲೆ ಬೇರೆ ದಾರಿ ಇರಲಿಲ್ಲ.

ಗೋಕಾಕದಲ್ಲಿ ಚುಚ್ಚಿಸಿಕೊಳ್ಳುವುದಿಲ್ಲ ಎಂದು ನಾನೇ ಹಟ ಹಿಡಿದೆ. ಹದಿಮೂರು ವರ್ಷದ ಹಿಂದೆ ಮೊದಲ ಸಲ ಬಂದಾಗ ಬೇರೊಂದು ಪತ್ರಿಕೆಯಲ್ಲಿದ್ದೆ. ವಿಷಯ ತಿಳಿದ ಮೂರನೆಯ ದಿನ ಅಲ್ಲಿಯ ಮಾಲಕರು "ಮನ್ಯಾಗ ಆರಾಮ ತಗೋರಿ" ಎಂದರು. ಆ ಆರಾಮ ಹದಿನಾಲ್ಕು ತಿಂಗಳು ನಡೆಯಿತು. ಹಾಗಾಗಿ ಈ ಸಲ ಮೂಡಲಗಿ. ಅಲ್ಲಿ ನನ್ನ ಮುಖ ಗೊತ್ತಿರುವವರಿಲ್ಲ. ಬೆಳಗಿನ ಬಸ್ಸಿಗೆ ಹೋಗಿ ಹತ್ತೂವರೆಗೆಲ್ಲ ಕಚೇರಿಗೆ ಬರಬಹುದು. ಮೂಡಲಗಿ ಭಾಗದ ಸುದ್ದಿ ತರಲು ಹೋಗುತ್ತಿದ್ದೇನೆ ಎಂದು ಶಿದ್ಲಿಂಗಪ್ಪನವರಿಗೆ ಹೇಳಿದ್ದೇನೆ. ನಮ್ಮ ಪತ್ರಿಕೆಯ ಮಾಲಕರೂ ಸಂಪಾದಕರೂ ಅವರೇ.

ಡಾಕ್ಟರು ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ. "ಈ ಸೂಜಿ ಕೆಲವರಿಗೆ ಕಿವಿಗೆ ಬಡೀತೈತ್ರಿ. ಕಿವ್ಯಾಗ ಗುಂಯ್ ಅಂದ್ರ, ತಲಿ ತಿರುಗಿದ್ರ ಆವತ್ತಿಗಾವತ್ತ ಹೇಳ್ರಿ. ಸೂಜಿ ನಿಲ್ಲಿಸಿ ಬ್ಯಾರೆ ಔಷಧ ನೋಡೂಣು. ತಡಾ ಮಾಡಿದ್ರ ಹೋದದ್ದು ತಿರುಗಿ ಬರೂದಿಲ್ಲ."

ನನ್ನ ಕೆಲಸವೇ ಕಿವಿಯದು, ನನಗಿಂತ ಮೊದಲು ಯಾರಿಗೆ ಗೊತ್ತಾಗಬೇಕು ಎಂದೆ. ಸೂಜಿ ಹಾಕುವಾಕೆ ಕಾಶೆವ್ವ, ಐವತ್ತರ ಹೆಂಗಸು. "ಪೇಪರ್‌ನವ್ರು ಅಂದ್ರ ಬರೇ ಬರ್ಯಾವ್ರು ಅಂದ್ಕೊಂಡಿದ್ನಿ. ಕೇಳಾಕೂ ಪಗಾರ ಕೊಡ್ತಾರ?" ಎಂದು ನಕ್ಕಳು.

ಜೂನ್ 9. ಶುಕ್ರವಾರ

ಕೇಳುವುದಕ್ಕೂ ಪಗಾರ ಕೊಡುತ್ತಾರೆ. ಸುದ್ದಿಸಂಸ್ಥೆಯ ಚಂದಾ ಕಟ್ಟುವ ಶಕ್ತಿ ನಮ್ಮ ಪತ್ರಿಕೆಗಿಲ್ಲ. ದೆಹಲಿಯಿಂದ ಸಂಜೆ ಶಾರ್ಟ್‌ವೇವಿನಲ್ಲಿ, ಬರೆದುಕೊಳ್ಳುವವರಿಗಾಗಿಯೇ ನಿಧಾನವಾಗಿ ಓದುವ ಹಿಂದಿ ವಾರ್ತೆ ಬರುತ್ತದೆ. ಅದನ್ನು ಕೇಳುತ್ತ ನಾನು ನೇರವಾಗಿ ಕನ್ನಡದಲ್ಲಿ ಬರೆಯುತ್ತೇನೆ. ಮರುದಿನದ ಮುಖಪುಟದ ಅರ್ಧ ಅದೇ. ಹನ್ನೊಂದು ವರ್ಷದಿಂದ ಈ ಕೆಲಸ ನನ್ನದು. ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಪದ್ಧತಿಯಾದ್ದರಿಂದ, ಉಂಡು ಬಂದು ರೇಡಿಯೋದ ಮುಂದೆ ಕೂತರೆ ಎಬ್ಬಿಸುವವರಿಲ್ಲ.

ಇಂದು ದೆಹಲಿ ಏರುತ್ತ ಇಳಿಯುತ್ತ ಬಂತು. ಅಕ್ಷರ ಜೋಡಿಸುವ ಕೇದಾರಿ ಕೇಳಿದ, "ದಿಲ್ಲಿಯವ್ರು ಏನ್ರಿ ಸರ, ಹತ್ರ ಬಂದಂಗ ಮಾಡಿ ಮತ್ತ ಓಡಿ ಹೊಕ್ಕಾರ?"

ಅವನಿಗೆ ತಿಳಿಸಿದೆ. ದೆಹಲಿಯ ತರಂಗ ನೆಲದ ಮೇಲೆ ನಡೆದು ಬರುವುದಿಲ್ಲ. ಇನ್ನೂರೈವತ್ತು ಮುನ್ನೂರು ಕಿಲೋಮೀಟರ್ ಮೇಲೆ ಬಿಸಿಲಿನಿಂದ ವಿದ್ಯುತ್ತೇರಿದ ಗಾಳಿಯ ಪದರವಿದೆ, ಅಯಾನುಗೋಳ. ತರಂಗ ಅಲ್ಲಿಗೆ ಹೋಗಿ ಬಾಗಿ ಇಳಿಯುತ್ತದೆ. ಆದರೆ ಭೂಮಿಯ ಕಾಂತಶಕ್ತಿ ಅಲ್ಲಿ ಒಂದು ತರಂಗವನ್ನು ಎರಡಾಗಿ ಸೀಳುತ್ತದೆ. ಒಂದಕ್ಕೆ ಸಾಮಾನ್ಯ ತರಂಗ ಎಂದೂ ಇನ್ನೊಂದಕ್ಕೆ ಅಸಾಮಾನ್ಯ ತರಂಗ ಎಂದೂ ಹೆಸರು. ಎರಡೂ ಬೇರೆ ಬೇರೆ ಎತ್ತರದಿಂದ, ಬೇರೆ ದಾರಿಯಲ್ಲಿ ಬಂದು ನಮ್ಮ ಏರಿಯಲ್ ತಂತಿಯಲ್ಲಿ ಮತ್ತೆ ಕೂಡುತ್ತವೆ. ಹೆಜ್ಜೆ ಸೇರಿದರೆ ಸದ್ದು ಜೋರು. ತಪ್ಪಿದರೆ ಒಂದನ್ನೊಂದು ಅಳಿಸಿಬಿಡುತ್ತವೆ.

"ಗೋಕಾಕದಿಂದ ಬೆಳಗಾವಿಗೆ ಒಂದು ಬಸ್ಸು ಅಂಕಲಗಿ ಮೇಲೆ, ಇನ್ನೊಂದು ಹುಕ್ಕೇರಿ ಮೇಲೆ ಹೋದಂತೆ" ಎಂದೆ.

"ಹುಕ್ಕೇರಿ ಮ್ಯಾಲಿಂದು ದಾರ್‍ಯಾಗ ಕೆಟ್ಟು ನಿಂದ್ರತೈತಿ ಬಿಡ್ರಿ."

ಕೇದಾರಿ ಚೇಷ್ಟೆಗೆ ಅಂದದ್ದು ನಿಜವೂ ಹೌದು. ಅಸಾಮಾನ್ಯ ತರಂಗವನ್ನೇ ಆಕಾಶ ಹೆಚ್ಚು ಹೀರಿಕೊಳ್ಳುತ್ತದೆ.

ಜೂನ್ 19. ಸೋಮವಾರ

ದೆಹಲಿಯ ಮೇಲೆ ಇಂದು ಸಣ್ಣದೊಂದು ಸೀಟಿ ಕೂತಿತ್ತು. ಹತ್ತಿರದ ಕಂಪನಾಂಕದಲ್ಲಿ ಇನ್ನೊಂದು ಕೇಂದ್ರವಿದ್ದರೆ ಎರಡೂ ಉಜ್ಜಿ ಹೀಗೆ ಸೀಟಿ ಹುಟ್ಟುತ್ತದೆ. ಹೊಸ ವಿದೇಶಿ ಕೇಂದ್ರ ಇರಬೇಕು. ಗುಂಡಿ ಅತ್ತಿತ್ತ ತಿರುಗಿಸಿದೆ, ಹೋಗಲಿಲ್ಲ. ವಾರ್ತೆ ಪೂರ್ತಿ ಸಿಕ್ಕಿತು.

ಕೆಮ್ಮು ಕಡಿಮೆ. ತೂಕ ತುಸು ಏರಿದೆ.

ಜೂನ್ 27. ಮಂಗಳವಾರ

ಕಾಶೆವ್ವ ದಿನವೂ ಒಂದೇ ಪ್ರಶ್ನೆ ಕೇಳುತ್ತಾಳೆ: "ಕಿವ್ಯಾಗ ಏನರ ಗುಂಯ್ ಅಂತೈತೇನ್ರಿ?" ಇಲ್ಲ ಎಂದೆ. ಸೀಟಿ ಇರುವುದು ರೇಡಿಯೋದಲ್ಲಿ.

ಬಸ್ಸಿನಿಂದ ಇಳಿಯುವಾಗ ನೆಲ ಒಂದು ಗೇಣು ಕೆಳಗಿದ್ದಂತಾಗಿ ಮುಗ್ಗರಿಸಿದೆ. ಗುಳಿಗೆಗಳ ನಿಶ್ಶಕ್ತಿ. ಕಚೇರಿಯ ಮೆಟ್ಟಿಲಲ್ಲೂ ಗೋಡೆ ಹಿಡಿದು ಹತ್ತಿದೆ. ಕೇದಾರಿ ಮೇಲಿನಿಂದ ಕೂಗಿದ, "ಏನ್ರಿ ಸರ, ಜೈನರ ಮನ್ಯಾಗ ಹುಟ್ಟಿ ಮುಂಜಾನೆ ಮುಂಜಾನೆ ಹಿಂಗ ವಾಲಾಡ್ಕೋತ ಬಂದ್ರ ಹೆಂಗ್ರಿ? ಮೂಡಲಗ್ಯಾಗ ಏನ ಕೊಡಾಕತ್ತಾರ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕರೆ ಅನುಮಾನ ಬರುವುದಿಲ್ಲ.

ಮೂಡಲಗಿಗೆ ಹೋಗುವ ನೆಪಕ್ಕೆ ದಿನವೂ ಒಂದು ಸುದ್ದಿ ಒಯ್ಯಲೇಬೇಕು. ದನದ ಸಂತೆಯ ದರ, ಕುಲಗೋಡದ ರಸ್ತೆಯ ಗುಂಡಿ, ಶಾಲೆಯ ಹಂಚು ಹಾರಿದ್ದು. ಮೂಡಲಗಿಯಲ್ಲಿ ನಮ್ಮ ಪತ್ರಿಕೆಯ ಮಾರಾಟ ಹೆಚ್ಚಿದೆಯಂತೆ. ಶಿದ್ಲಿಂಗಪ್ಪನವರು ಖುಷಿಯಲ್ಲಿದ್ದಾರೆ. "ಇಷ್ಟು ದಿನ ಈ ಮೂಡಲಗಿ ಎಲ್ಲಿತ್ತ್ರಿ?" ಎಂದರು.

ಜುಲೈ 4. ಮಂಗಳವಾರ

ಸೀಟಿ ರೇಡಿಯೋದ್ದಲ್ಲ. ರೇಡಿಯೋ ಬಂದ್ ಮಾಡಿದ ಮೇಲೂ ಇತ್ತು. ಕಚೇರಿಯ ಟ್ಯೂಬ್‌ಲೈಟಿನ ಚೋಕು ಹಳೆಯದು, ಅದರದ್ದೇ. ಬದಲಿಸಲು ಹೇಳಬೇಕು.

ಜುಲೈ 6. ಗುರುವಾರ

ಚೋಕು ಬದಲಿಸಿದರು. ಸೀಟಿ ಹೋಗಿಲ್ಲ. ಮನೆಯಲ್ಲೂ ಇದೆ. ಪಕ್ಕದ ಮನೆಯವರು ಹೊಸ ಟಿ.ವಿ. ತಂದಿದ್ದಾರೆ.

ಜುಲೈ 14. ಶುಕ್ರವಾರ

ಇಂದು ನಾಲ್ಕು ಗಂಟೆಗೆ ಶಾರ್ಟ್‌ವೇವ್ ಪೂರ್ತಿ ಸತ್ತಿತು. ಹಿನ್ನೆಲೆಯ ಗರಗರ ಕೂಡ ಇಲ್ಲ. ಹುಕ್ಕೇರಿಯಿಂದ ಉದ್ದಪ್ಪನ ಫೋನು ಬಂತು. ಅವನು ನನ್ನ ಕಾಲೇಜಿನ ಗೆಳೆಯ. ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿದ್ದು ನಿವೃತ್ತನಾಗಿ ಈಗ ತೋಟದ ಮನೆಯಲ್ಲಿ ಹವ್ಯಾಸಿ ರೇಡಿಯೋ ಇಟ್ಟುಕೊಂಡಿದ್ದಾನೆ. ಅವನ ದನಿ ದಪ್ಪ, ಲೈನು ಎಷ್ಟು ಕೆಟ್ಟಿದ್ದರೂ ಕೇಳುತ್ತದೆ.

"ಲೇ ಗೊಮ್ಮಟ್ಯಾ, ನಿನ್ನ ಕಡೆ ಬ್ಯಾಂಡ್ ಜೀವಂತ ಅದಾವೇನು?"

"ಇಲ್ಲ. ಎಲ್ಲಾ ಸತ್ತಾವು."

"ಸೂರ್ಯ ಒದರ್‍ಯಾನ ನೋಡು. ಭಾಳ ದೊಡ್ಡ ಜ್ವಾಲೆ ಎದ್ದಿರಬೇಕು. ನಾಳಿ ನಾಡದು ಇನ್ನೂ ಮಜಾ ಐತಿ."

ಈ ವರ್ಷ ಸೂರ್ಯನ ಕಲೆಗಳು ಹೆಚ್ಚಿರುವ ವರ್ಷ. ಜ್ವಾಲೆ ಎದ್ದಾಗ ಅಯಾನುಗೋಳದ ಕೆಳಪದರ ಒಮ್ಮೆಲೇ ದಟ್ಟವಾಗಿ, ಮೇಲಕ್ಕೆ ಹೋಗುವ ತರಂಗವನ್ನು ದಾರಿಯಲ್ಲೇ ನುಂಗುತ್ತದೆ. ಎರಡು ಮೂರು ವಾರದಿಂದ ದೆಹಲಿ ಯಾಕೆ ಸೊರಗುತ್ತಿತ್ತು ಎಂಬುದಕ್ಕೆ ಇಂದು ಕಾರಣ ಸಿಕ್ಕಿತು. ಮನಸ್ಸು ಹಗುರಾಯಿತು.

ಜುಲೈ 17. ಸೋಮವಾರ

ಸೌರ ಬಿರುಗಾಳಿಯ ಬಗ್ಗೆ ಎರಡು ಕಾಲಂ ಬರೆದೆ. ಇಂದು ಒಳಪುಟದಲ್ಲಿ ಬಂದಿದೆ. ದೆಹಲಿ ಇಂದೂ ಅರ್ಧ ಸಿಕ್ಕಿತು. ಉಳಿದದ್ದನ್ನು ಕೊಲ್ಹಾಪುರದಿಂದ ಬರುವ ಮರಾಠಿ ಪತ್ರಿಕೆ ನೋಡಿ ತುಂಬಿಸಿದೆ.

ಉದ್ದಪ್ಪನಿಗೆ ಫೋನು ಮಾಡಿದೆ. ಅವನಿಗೆ ಬ್ಯಾಂಡು ಸರಿಯಾಗಿದೆಯಂತೆ. ಅವನ ಏರಿಯಲ್ ದೊಡ್ಡದು.

ಜುಲೈ 22. ಶನಿವಾರ

ಹೆಂಡತಿ ಸೀತಾಬಾಯಿ ಬಸದಿಗೆ ಹೋಗುವಾಗ ಕುಕ್ಕರ್ ಇಟ್ಟು, ಮೂರು ಸೀಟಿ ಆದ ಮೇಲೆ ಗ್ಯಾಸ್ ಬಂದ್ ಮಾಡಿರಿ ಎಂದು ಹೇಳಿ ಹೋದಳು. ನಾನು ಪಡಸಾಲೆಯಲ್ಲಿ ಪತ್ರಿಕೆ ಓದುತ್ತ ಕೂತಿದ್ದೆ. ಒಂದೂ ಸೀಟಿ ಆಗಲಿಲ್ಲ. ವಾಸನೆ ಬಂದಾಗ ಎದ್ದೆ. ಬೇಳೆ ಕರಕಲಾಗಿತ್ತು.

ಆಕೆ ಬಂದವಳೇ "ಓಣಿ ಮಂದಿಗೆಲ್ಲ ಕೇಳೇತಿ, ನಿಮಗ ಕೇಳಿಲ್ಲೇನ್ರಿ?" ಎಂದು ಕೂಗಾಡಿದಳು. ಈಚೆಗೆ ಆಕೆ ಮಾತು ಮಾತಿಗೂ ಕೂಗುತ್ತಾಳೆ. ಕುಕ್ಕರಿನ ಸೀಟಿಗೆ ಕಸ ಕಟ್ಟಿರಬೇಕು ಎಂದು ಹೇಳಿದೆ. ಬಿಚ್ಚಿ ತೊಳೆದೆ. ಕಸವೇನೂ ಇರಲಿಲ್ಲ.

ಮಗಳು ಮೇಘಾ ಮಾತ್ರ ಬಾಯಲ್ಲೇ ಗೊಣಗುತ್ತಾಳೆ. ತುಟಿ ಆಡುತ್ತದೆ, ಮಾತು ಹೊರಗೆ ಬರುವುದಿಲ್ಲ. ಹದಿನೈದರ ಹುಡುಗಿಯರು ಅಪ್ಪನ ಜೊತೆ ಹಾಗೇ ಇರಬೇಕು.

ಜುಲೈ 25. ಮಂಗಳವಾರ

ಸಂಜೆ ಕರೆಂಟು ಹೋಯಿತು. ಇಡೀ ಓಣಿ ಕತ್ತಲೆ. ಪಕ್ಕದವರ ಟಿ.ವಿ. ಬಂದ್. ಸೀಟಿ ಇತ್ತು. ಬಸ್ಸಿನಿಂದ ಇಳಿದ ಮೇಲೂ ಸ್ವಲ್ಪ ಹೊತ್ತು ಮೈಯಲ್ಲಿ ಬಸ್ಸು ಓಡುತ್ತದಲ್ಲ, ಹಾಗೆ. ಹನ್ನೊಂದು ವರ್ಷ ಕೇಳಿದ ಕಿವಿಗೆ ಅಭ್ಯಾಸ ಬಿಡುವುದು ಕಷ್ಟ.

ಕಾಶೆವ್ವನಿಗೆ ಇದನ್ನು ಹೇಳಬೇಕೆ ಎಂದು ಒಂದು ಗಳಿಗೆ ಯೋಚಿಸಿದೆ. ಹೇಳಿದರೆ ಸೂಜಿ ನಿಲ್ಲಿಸುತ್ತಾರೆ. ಔಷಧ ಬದಲಾದರೆ ತಿಂಗಳುಗಳು ಬೆಳೆಯುತ್ತವೆ. ಮೂಡಲಗಿಯ ಸುದ್ದಿ ಎಷ್ಟು ದಿನ ಬರೆಯಲಿ?

ಜುಲೈ 31. ಸೋಮವಾರ

ನಾಡಿಗೆ ನಾಡೇ ದಿಗಿಲುಬಿದ್ದ ದಿನ. ಕನ್ನಡದ ಮಹಾನಟರನ್ನು ಕಾಡಿನ ದಂತಚೋರ ಅಪಹರಿಸಿದ ಸುದ್ದಿ ಬೆಳಗ್ಗೆ ಬಂತು. ಮೂಡಲಗಿಯಿಂದ ಬರುವಾಗಲೇ ಬಸ್ಸುಗಳು ನಿಲ್ಲತೊಡಗಿದ್ದವು. ಗೋಕಾಕದಲ್ಲಿ ಅಂಗಡಿಗಳ ಬಾಗಿಲು ಇಳಿದಿದ್ದವು.

ಕಚೇರಿಯಲ್ಲಿ ಎಲ್ಲರೂ ರೇಡಿಯೋ ಸುತ್ತ ನಿಂತಿದ್ದರು. ಧಾರವಾಡ ಕೇಂದ್ರ. ನಾನು ಮುಂದೆ ಕೂತು ಪೆನ್ನು ತೆಗೆದೆ. ಅವರೆಲ್ಲ "ಅಯ್ಯ" ಎನ್ನುತ್ತಿದ್ದರು, ತಲೆ ಹಿಡಿದುಕೊಳ್ಳುತ್ತಿದ್ದರು. ನನಗೆ ಬಂದದ್ದು ಸೀಟಿ, ಅದರ ಹಿಂದೆ ಯಾರೋ ಕಂಬಳಿಯೊಳಗೆ ಮಾತಾಡಿದಂತಹ ಗುಜುಗುಜು. ದೆಹಲಿಯಂತೆ ಧಾರವಾಡವೂ ಮಸುಕಾಗಿದೆ ಎಂದೆ. ಕೇದಾರಿ ನನ್ನ ಮುಂದಿನಿಂದ ಹಾಳೆ ಎಳೆದುಕೊಂಡು ತಾನೇ ಬರೆಯತೊಡಗಿದ. ಅವನ ಅಕ್ಷರ ಕೋಳಿ ಕೆದರಿದಂತೆ. ಒಂದು ಹಾಳೆ ತುಂಬಿಸಿದ.

ಒಂದು ಸಂಗತಿ ಬರೆದಿಡಬೇಕು. ಧಾರವಾಡದ ಮಧ್ಯಮ ತರಂಗ ಹಗಲಿನಲ್ಲಿ ನೆಲ ಹಿಡಿದು ಬರುತ್ತದೆ. ಅಯಾನುಗೋಳಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಸೀಳುವುದಿಲ್ಲ, ಮಸುಕಾಗುವುದಿಲ್ಲ.

ಸೆಲ್ಲು ಹಳೆಯದಾಗಿರಬೇಕು. ಜನರ ಗದ್ದಲ ಬೇರೆ.

ಆಗಸ್ಟ್ 3. ಗುರುವಾರ

ಶಿದ್ಲಿಂಗಪ್ಪನವರು ಒಳಗೆ ಕರೆದು ಬಾಗಿಲು ಹಾಕಿದರು. ಮೇಜಿನ ಮೇಲೆ ಬೆಳಗಾವಿಯ ಪತ್ರಿಕೆ ಹರಡಿತ್ತು. ಅವರಲ್ಲಿ ಬಂದ ಏಳು ಸುದ್ದಿ ನಮ್ಮಲ್ಲಿಲ್ಲ. ಅವರು ಸಿಟ್ಟಿನಲ್ಲಿ ಜೋರಾಗಿ ಮಾತಾಡುತ್ತಾರೆ, ಅದರಿಂದ ಒಂದೊಂದು ಮಾತೂ ತಿಳಿಯಿತು.

"ಗೊಮ್ಮಟೇಶ, ನಿಮ್ಮ ಅಯಾನುಗೋಳ ಗೋಕಾಕದ ಮ್ಯಾಲಷ್ಟ ಐತೇನ್ರಿ? ಬೆಳಗಾವಿಯವ್ರಿಗೆ ಬ್ಯಾರೆ ಆಕಾಶ ಕೊಟ್ಟಾರೇನು?"

ಅವರಲ್ಲಿ ಟೆಲಿಪ್ರಿಂಟರ್ ಇದೆ ಎಂದೆ.

"ಹಂಗಾರ ನಾನೂ ಫ್ಯಾಕ್ಸ್ ತರ್ತೇನಿ. ಅದಕ್ಕ ಕಿವಿ ಬ್ಯಾಡ, ಕುರ್ಚಿ ಬ್ಯಾಡ. ತಿಂಗಳ ಕೊನೀತನಕ ನೋಡ್ತೇನಿ. ಆಕಾಶದ ತಪ್ಪಿದ್ರ ತೋರಿಸ್ರಿ ನನಗ."

ತೋರಿಸುತ್ತೇನೆ ಎಂದು ಎದ್ದು ಬಂದೆ.

ತೋರಿಸುವ ದಾರಿ ಇದೆ. ಸೀಳಿದ ಎರಡು ತರಂಗಗಳು ಎದುರುಬದುರು ದಿಕ್ಕಿಗೆ ತಿರುಗುತ್ತ ಬರುತ್ತವೆ. ಅವು ಕೂಡಿದಾಗ ಹುಟ್ಟುವ ಅಲೆಯ ವಾಲು ಗಳಿಗೆಗೊಮ್ಮೆ ಬದಲಾಗುತ್ತದೆ. ಒಂದು ತಂತಿ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಕಟ್ಟಿ ಎರಡಕ್ಕೂ ಬೇರೆ ಬೇರೆ ರೇಡಿಯೋ ಹಚ್ಚಿದರೆ, ಒಂದರಲ್ಲಿ ಸದ್ದು ಬಿದ್ದಾಗ ಇನ್ನೊಂದರಲ್ಲಿ ಏಳಬೇಕು. ಹಾಗಾದರೆ ತಪ್ಪು ಆಕಾಶದ್ದು. ಎರಡರಲ್ಲೂ ಒಟ್ಟಿಗೇ ಬಿದ್ದರೆ ತಪ್ಪು ಕೆಳಗಿನದು, ರೇಡಿಯೋದ್ದೋ ತಂತಿಯದ್ದೋ. ಇದು ಪುಸ್ತಕದಲ್ಲಿರುವ ಮಾತು, ಮೂರನೆಯ ಸಾಧ್ಯತೆ ಇಲ್ಲ.

ಉದ್ದಪ್ಪನಿಗೆ ಕಾಗದ ಹಾಕಿದ್ದೇನೆ. ಫೋನಿನ ಲೈನು ಈಗ ತೀರಾ ಕೆಟ್ಟಿದೆ.

ಆಗಸ್ಟ್ 8. ಮಂಗಳವಾರ

ಮಳೆ ಚೆನ್ನಾಗಿ ಆಗಿ ಘಟಪ್ರಭೆ ತುಂಬಿದೆ. ಜಲಪಾತದ ಸುದ್ದಿಗೆ ಕೇದಾರಿಯನ್ನು ಕರೆದುಕೊಂಡು ಹೋದೆ. ಫೋಟೋ ಅವನೇ ತೆಗೆಯುತ್ತಾನೆ. ಕೆಂಪು ನೀರು ಅಂಚಿನ ಉದ್ದಕ್ಕೂ ಬೀಳುತ್ತಿದೆ, ತೂಗುಸೇತುವೆಯವರೆಗೆ ಹನಿ ಹಾರುತ್ತಿದೆ. ಇಷ್ಟು ನೀರು ನೋಡಿ ಬಹಳ ವರ್ಷವಾಗಿತ್ತು.

ನೀರಿಗೆ ತಕ್ಕ ಸದ್ದು ಈ ವರ್ಷ ಇಲ್ಲ. ಕಬ್ಬಿಣದ ಕಟಾಂಜನ ಹಿಡಿದರೆ ಅಂಗೈ ನಡುಗುತ್ತದೆ, ಎದೆಗೂ ನಡುಕ ತಾಗುತ್ತದೆ. ಗಾಳಿ ಆಚೆ ದಿಕ್ಕಿಗಿರಬೇಕು ಎಂದು ಕರವಸ್ತ್ರ ಹಿಡಿದು ನೋಡಿದೆ. ಅದು ನನ್ನ ಮುಖದ ಕಡೆಗೇ ಹಾರಿತು.

ಪಕ್ಕದಲ್ಲಿ ನೋಡಲು ಬಂದ ಜನ ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಅರಚುತ್ತಿದ್ದರು. ಕೇದಾರಿಯೂ ಕೈಯನ್ನು ಬಾಯಿಗೆ ಸುತ್ತಿಟ್ಟು ನನಗೆ ಏನೋ ಕೂಗಿದ. ಹೂಂ ಎಂದೆ. ಅವನು ಮತ್ತೆ ಕೂಗಿದ. ಮತ್ತೆ ಹೂಂ ಎಂದೆ. ಅವನು ಕ್ಯಾಮೆರಾ ಕೆಳಗಿಳಿಸಿ ನನ್ನನ್ನು ಸುಮ್ಮನೆ ನೋಡಿದ. ಆಮೇಲೆ ನನ್ನ ತೋಳು ಹಿಡಿದು ಅಂಚಿನಿಂದ ಹಿಂದಕ್ಕೆ ಎಳೆದ. ನಾನು ನಿಂತಿದ್ದ ಕಲ್ಲು ಪಾಚಿಗಟ್ಟಿತ್ತು.

ಸುದ್ದಿ ಬರೆದೆ: "ಗೋಕಾಕ ಜಲಪಾತ ಭೋರ್ಗರೆತ." ಪ್ರತಿ ವರ್ಷ ಇದೇ ತಲೆಬರಹ.

ಆಗಸ್ಟ್ 12. ಶನಿವಾರ

ಕಾಶೆವ್ವ ಈಗ ಕೇಳುವುದನ್ನು ಬಿಟ್ಟಿದ್ದಾಳೆ. ಬಾಯಿ ಆಡಿಸುತ್ತಾಳೆ ಅಷ್ಟೆ. ಏನಿದ್ದರೂ ನನ್ನ ಉತ್ತರ "ಇಲ್ಲ" ಎಂಬುದೇ.

ಆಗಸ್ಟ್ 15. ಮಂಗಳವಾರ

ಕಚೇರಿಗೆ ರಜೆ. ಸೂಜಿಗೆ ರಜೆಯಿಲ್ಲ. ಮೇಘಾ ಶಾಲೆಯಿಂದ ಲಾಡು ತಂದು ಕೊಟ್ಟಳು.

ಆಗಸ್ಟ್ 20. ಭಾನುವಾರ

ಹುಕ್ಕೇರಿ. ಉದ್ದಪ್ಪನ ತೋಟದ ಮನೆ.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಮಧ್ಯಾಹ್ನ ಇಬ್ಬರೂ ಸೇರಿ ತಂತಿ ಕಟ್ಟಿದೆವು. ಒಂದನ್ನು ಬಾವಿಯ ಬೇವಿನಿಂದ ಮನೆಯ ಜಂತಿಗೆ, ಉತ್ತರ ದಕ್ಷಿಣ. ಇನ್ನೊಂದನ್ನು ಕಬ್ಬಿನ ಬದುವಿನ ಕಂಬದಿಂದ ದನದ ಕೊಟ್ಟಿಗೆಗೆ, ಪೂರ್ವ ಪಶ್ಚಿಮ. ಏಣಿ ಹತ್ತುವಾಗ ನನಗೆ ತಲೆ ತಿರುಗಿತು. ಉದ್ದಪ್ಪನೇ ಹತ್ತಿದ. ಕಟ್ಟೆಯ ಮೇಲೆ ಎರಡು ರೇಡಿಯೋ ಇಟ್ಟ. ಎರಡಕ್ಕೂ ತರಂಗದ ಬಲ ತೋರಿಸುವ ಮುಳ್ಳಿದೆ. ಅವನ ಹೆಂಡತಿ ಸುಂದ್ರವ್ವ ನನ್ನ ಊಟದ ಹೊತ್ತು ಗೊತ್ತಿದ್ದವಳು, ಬಿಸಿಲಿರುವಾಗಲೇ ರೊಟ್ಟಿ ಹಾಕಿದಳು.

ದೆಹಲಿ ಶುರುವಾಗುವ ಹೊತ್ತಿಗೆ ಉದ್ದಪ್ಪ ಒಂದು ರೇಡಿಯೋದ ಹೆಡ್‌ಫೋನ್ ಹಾಕಿಕೊಂಡ, ಇನ್ನೊಂದರದ್ದನ್ನು ನಾನು ಹಾಕಿಕೊಂಡೆ. ನನ್ನ ಕಣ್ಣು ಮುಳ್ಳುಗಳ ಮೇಲಿತ್ತು.

ಎರಡೂ ಮುಳ್ಳು ಎದ್ದವು. ಸ್ವಲ್ಪ ಹೊತ್ತು ನಡುಗಿದವು. ಆಮೇಲೆ ಎಡದ ಮುಳ್ಳು ಮೆಲ್ಲಗೆ ಇಳಿಯಿತು, ಬಲದ್ದು ಮೆಲ್ಲಗೆ ಏರಿತು. ಎಡದ್ದು ತಳ ಮುಟ್ಟಿದಾಗ ಬಲದ್ದು ತುದಿಯಲ್ಲಿತ್ತು. ಮತ್ತೆ ತಿರುಗಿ ಬಲದ್ದು ಇಳಿಯಿತು, ಎಡದ್ದು ಏರಿತು. ತಕ್ಕಡಿಯ ಎರಡು ತಟ್ಟೆಗಳಂತೆ. ಮುನ್ನೂರು ಕಿಲೋಮೀಟರ್ ಮೇಲೆ ಒಂದು ತರಂಗ ಎರಡಾಗಿ, ಬೇರೆ ಬೇರೆ ದಾರಿಯಲ್ಲಿ ನಡೆದು, ಹುಕ್ಕೇರಿಯ ಒಂದು ಕಟ್ಟೆಯ ಮೇಲೆ ಬಂದು ಕೂಡುವುದನ್ನು ಕಣ್ಣಾರೆ ಕಂಡೆ. ಬಿ.ಎಸ್‌ಸಿ.ಯಲ್ಲಿ ಓದಿದ್ದೆ, ಕೇದಾರಿಗೆ ಪಾಠ ಹೇಳಿದ್ದೆ, ಎಂದೂ ನೋಡಿರಲಿಲ್ಲ. ಆಕಾಶ ಪುಸ್ತಕದಲ್ಲಿ ಬರೆದಂತೆಯೇ ಕೆಲಸ ಮಾಡುತ್ತಿತ್ತು.

ಬಲದ ರೇಡಿಯೋ ನನ್ನದು. ಅದರ ಮುಳ್ಳು ತುದಿಯಲ್ಲಿದ್ದಾಗಲೂ ನನಗೆ ಬಂದದ್ದು ಸೀಟಿ ಮಾತ್ರ.

ಉದ್ದಪ್ಪನ ಕಡೆ ನೋಡಿದೆ. ಅವನು ಮಂಡಿಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದ. ಅವನ ಮುಳ್ಳು ಇಳಿದಾಗ ಪೆನ್ಸಿಲ್ ನಿಲ್ಲುತ್ತಿತ್ತು, ಏರಿದಾಗ ಓಡುತ್ತಿತ್ತು. ನಾನು ಅವನ ಹೆಡ್‌ಫೋನ್ ಕಸಿದು ಹಾಕಿಕೊಂಡೆ. ಅದೇ ಸೀಟಿ. ಬ್ಯಾಟರಿಯ ತಂತಿ ಕಿತ್ತೆ. ಎರಡೂ ಮುಳ್ಳು ಬಿದ್ದವು. ಸೀಟಿ ಹೋಗಲಿಲ್ಲ, ಕಡಿಮೆಯೂ ಆಗಲಿಲ್ಲ.

ಉದ್ದಪ್ಪನ ಬಾಯಿ ಆಡುತ್ತಿತ್ತು. ಅವನ ದಪ್ಪ ದನಿ ಎದೆಯ ಹತ್ತಿರ ಎಲ್ಲೋ ಗುದ್ದಿದಂತಿತ್ತು, ಮಾತಾಗಲಿಲ್ಲ. ಅವನು ವಾರ್ತೆ ಬರೆದ ಹಾಳೆಯ ಹಿಂದೆ ಬರೆದು ತೋರಿಸಿದ: "ಗೊಮ್ಮಟ್ಯಾ, ನಿನಗ ಏನೂ ಕೇಳವಲ್ದೇನು?"

ಓದಿದೆ. ಸೂಜಿಯ ವಿಷಯ ಅವನಿಗೂ ಹೇಳಿರಲಿಲ್ಲ. ಅಲ್ಲೇ ಕೂತು ಎಲ್ಲ ಹೇಳಿದೆ. ಹೇಳುವಾಗ ನನ್ನ ದನಿ ಎಷ್ಟು ಜೋರಿತ್ತೋ ಗೊತ್ತಿಲ್ಲ. ಅಡುಗೆಮನೆಯಿಂದ ಸುಂದ್ರವ್ವ ಓಡಿ ಬಂದಳು, ಕೊಟ್ಟಿಗೆಯಲ್ಲಿ ಎತ್ತು ತಲೆ ಎತ್ತಿತು.

ಆಗಸ್ಟ್ 21. ಸೋಮವಾರ

ಉದ್ದಪ್ಪ ಜೊತೆಗೆ ಬಂದ. ಡಾಕ್ಟರಿಗೆ ಹೇಳಿದೆವು. ಅವರು ಚೀಟಿಯ ಮೇಲೆ ಬರೆದರು: "ಯಾವಾಗಿನಿಂದ?"

ಜೂನ್ 19ರಿಂದ ಎಂದೆ. ಸುದ್ದಿಯವರಿಗೆ ತಾರೀಖು ಮರೆಯುವುದಿಲ್ಲ. ಡಾಕ್ಟರು ಆ ತಾರೀಖನ್ನು ಚೀಟಿಯಲ್ಲಿ ಬರೆದು ಕೆಳಗೆ ಗೆರೆ ಎಳೆದರು.

ಕಾಶೆವ್ವ ನನ್ನ ಮುಂದೆ ಬಂದು ನಿಂತು ನಿಧಾನವಾಗಿ ಮಾತು ಬಿಡಿಸಿ ಹೇಳಿದಳು. ತುಟಿಯಿಂದ ತಿಳಿಯಿತು: "ದಿನಾ ಕೇಳ್ತಿದ್ನಲ್ರಿ, ಯಣ್ಣಾ." ಈ ಎರಡೂವರೆ ತಿಂಗಳಲ್ಲಿ ಅಣ್ಣಾ ಎಂದದ್ದು ಇದೇ ಮೊದಲು.

ಸೂಜಿ ನಿಂತಿತು. ಬದಲಿ ಗುಳಿಗೆ ಬರೆದರು. ಪುಪ್ಪುಸ ಚೆನ್ನಾಗಿದೆಯಂತೆ.

ಆಗಸ್ಟ್ 24. ಗುರುವಾರ

ಬೆಳಗಾವಿಯಲ್ಲಿ ಕಿವಿಯ ಪರೀಕ್ಷೆ ಆಯಿತು. ಗಾಜಿನ ಕೋಣೆಯಲ್ಲಿ ಕೂಡಿಸಿ, ಸದ್ದು ಬಂದಾಗ ಗುಂಡಿ ಒತ್ತಲು ಹೇಳಿದರು. ಬಹಳ ಹೊತ್ತು ಕೂತಿದ್ದೆ. ಪರೀಕ್ಷೆ ಮಾಡುವ ಹುಡುಗಿ ಮಧ್ಯೆ ಒಮ್ಮೆ ಬಂದು ಗುಂಡಿ ಕೆಲಸ ಮಾಡುತ್ತಿದೆಯೇ ಎಂದು ಒತ್ತಿ ನೋಡಿದಳು.

ತೆಳುವಾದ ಸದ್ದುಗಳು ಪೂರ್ತಿ ಹೋಗಿವೆ. ದಪ್ಪ ಸದ್ದು ಸ್ವಲ್ಪ ಉಳಿದಿದೆ. ಅದು ಉಳಿಯುತ್ತದೆ ಎಂದು ಹೇಳಲಾಗದು. ಯಂತ್ರ ಹಾಕಿದರೂ ಇಂಥ ಕಿವಿಗೆ ಮಾತು ಬಿಡಿಸಿ ಕೇಳುವುದಿಲ್ಲ ಎಂದು ಬರೆದುಕೊಟ್ಟರು. ಮೇಘಾಳ ದನಿ ತೆಳು. ಅವಳು ಬಾಯಲ್ಲೇ ಗೊಣಗುತ್ತಿರಲಿಲ್ಲ.

ಆಗಸ್ಟ್ 26. ಶನಿವಾರ

ಸೀತಾಬಾಯಿ ಇಂದು ಕೂ‌ಗಲಿಲ್ಲ.

ಸೆಪ್ಟೆಂಬರ್ 1. ಶುಕ್ರವಾರ

ತಿಂಗಳ ಗಡುವು ನಿನ್ನೆಗೆ ಮುಗಿಯಿತು. ಕಚೇರಿಗೆ ಹೋಗುವ ಮೊದಲು ಏನು ಹೇಳಬೇಕೆಂದು ಯೋಚಿಸಿದೆ. ಕಿವಿ ಹೋಗಿದೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಸೂಜಿ. ಸೂಜಿ ಯಾಕೆ ಎಂದರೆ ಕ್ಷಯ. ನಡುವೆ ಎಲ್ಲೂ ನಿಲ್ಲುವ ಜಾಗವಿಲ್ಲ. ಹಾಗಾಗಿ ಕೊನೆಯದನ್ನೇ ಮೊದಲು ಹೇಳಲು ನಿರ್ಧರಿಸಿದೆ.

ಶಿದ್ಲಿಂಗಪ್ಪನವರ ಕೋಣೆಗೆ ಹೋಗಿ ನಿಂತುಕೊಂಡೇ ಹೇಳಿದೆ. ನನಗೆ ಕ್ಷಯ ಮರಳಿ ಬಂದಿದೆ. ಮೂಡಲಗಿಗೆ ಹೋಗುತ್ತಿದ್ದದ್ದು ಸೂಜಿಗೆ. ಸೂಜಿಯಿಂದ ಕಿವಿ ಹೋಗಿದೆ. ಹುಕ್ಕೇರಿಯಲ್ಲಿ ಪರೀಕ್ಷಿಸಿ ನೋಡಿದ್ದೇನೆ, ಆಕಾಶದ ತಪ್ಪಿಲ್ಲ. ದೆಹಲಿ ಚೆನ್ನಾಗಿ ಬರುತ್ತಿದೆ. ಧಾರವಾಡವೂ.

ನನ್ನ ದನಿ ಹೊರಗಿನ ಕೋಣೆಗೂ ಹೋಗಿರಬೇಕು. ಬಾಗಿಲಲ್ಲಿ ಕೇದಾರಿ ಬಂದು ನಿಂತ, ಅವನ ಕೈಯಲ್ಲಿ ಪ್ರೂಫಿನ ಹಾಳೆಯಿತ್ತು.

ಶಿದ್ಲಿಂಗಪ್ಪನವರು ಕನ್ನಡಕ ತೆಗೆದರು. ಮಾತಾಡತೊಡಗಿದರು. ಅವರಿಗೆ ಸಿಟ್ಟು ಬಂದಿದ್ದರೆ ಜೋರಾಗಿ ಆಡುತ್ತಿದ್ದರು, ಒಂದೆರಡು ಮಾತು ಸಿಗುತ್ತಿತ್ತು. ಬಂದಿರಲಿಲ್ಲ. ದಪ್ಪ ಮೀಸೆ ತುಟಿಯನ್ನು ಮುಚ್ಚುತ್ತದೆ. ಬಹಳ ಹೊತ್ತು ಮೆಲ್ಲಗೆ ಮಾತಾಡಿದರು. ಒಮ್ಮೆ ರೇಡಿಯೋದ ಕಡೆ ಕೈ ಮಾಡಿದರು, ಒಮ್ಮೆ ಬಾಗಿಲ ಕಡೆ. ಬಾಗಿಲಲ್ಲಿ ಕೇದಾರಿ ನಿಂತಿದ್ದ. ಅವನನ್ನು ತೋರಿಸಿದರೋ ಬಾಗಿಲನ್ನೋ, ತಿಳಿಯಲಿಲ್ಲ. ಮಾತು ನಿಂತಾಗಲೆಲ್ಲ ನಾನು "ಆತ್ರಿ" ಎಂದೆ. ಕೊನೆಗೆ ಅವರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಏನೋ ಕೇಳಿದರು. ಅದಕ್ಕೂ "ಆತ್ರಿ" ಎಂದೆ. ಅವರು ತಲೆಯಾಡಿಸಿದರು.

ಪತ್ರಿಕೆಯ ಕಚೇರಿ. ಸುತ್ತ ರೀಮುಗಟ್ಟಲೆ ಕಾಗದ, ಇಬ್ಬರ ಜೇಬಿನಲ್ಲೂ ಪೆನ್ನು. ಬರೆದು ತೋರಿಸಬಹುದೆಂದು ಅವರಿಗೂ ಹೊಳೆಯಲಿಲ್ಲ, ಬರೆದುಕೊಡಿ ಎಂದು ಕೇಳಲು ನನಗೂ ಆಗಲಿಲ್ಲ. ನನಗೆ ಹೊಳೆದಿತ್ತು. ಕೇಳಲು ಆಗಲಿಲ್ಲ.

ಮನೆಗೆ ಬಂದಾಗ ಬಿಸಿಲಿತ್ತು. ಉಣ್ಣಲು ಕೂತೆ. ಮೇಘಾ ತನ್ನ ಹಳೆಯ ಪಾಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಹಿಡಿದಳು: "ಏನಂದ್ರು?" ಅವಳ ಹಿಂದೆ ಸೀತಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಾಯುತ್ತಿದ್ದಳು.

ಗೊತ್ತಿಲ್ಲ ಎಂದೆ. ಯಾವುದಕ್ಕೋ ಒಪ್ಪಿ ಬಂದಿದ್ದೇನೆ. ಹೆಗಲ ಮೇಲೆ ಕೈಯಿಟ್ಟದ್ದು ಇರಿ ಎನ್ನಲೂ ಆಗಬಹುದು, ಹೋಗಿ ಬನ್ನಿ ಎನ್ನಲೂ ಆಗಬಹುದು.

ನಾಳೆ ಹತ್ತೂವರೆಗೆ ಹೋಗುತ್ತೇನೆ. ನನ್ನ ಕುರ್ಚಿಯಲ್ಲಿ ಯಾರೂ ಕೂತಿರದಿದ್ದರೆ ಕೂಡುತ್ತೇನೆ.